ನಾಲ್ಕು ಮಡ್‌ಗಾರ್ಡ್‌ಗಳ ಕಾಲನಿರ್ಣಯ

ಆ ನಾಲ್ಕು ಮಡ್‌ಗಾರ್ಡ್‌ಗಳು ಮೂಲದವಲ್ಲವೆಂದು ಬರೆದುಕೊಟ್ಟವನು ನಾನು. ಟಿಪ್ಪಣಿ ಒಂದೂವರೆ ಪುಟದ್ದು, ಅಡಿಟಿಪ್ಪಣಿಗಳು ಏಳು, ಕೊನೆಯಲ್ಲಿ ನನ್ನ ರುಜು ಮತ್ತು ತಾರೀಖು. ಅದು ಈಗಲೂ ಹಳೇಬೀಡಿನ ಒಂದು ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಹಿಂದಕ್ಕೆ ಕೇಳಿದೆ, ಕೊಡಲಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕಾರು ಇಂಗ್ಲೆಂಡಿನಲ್ಲಿ ತಯಾರಾದದ್ದು. ಎರಡೇ ಸೀಟಿನ, ಮೇಲ್ಛಾವಣಿಯಿಲ್ಲದ ಹಳೆಯ ಸ್ಪೋರ್ಟ್ಸ್ ಕಾರು. ಅದರ ಮಡ್‌ಗಾರ್ಡ್‌ಗಳು ಇಂದಿನ ಕಾರುಗಳಂತೆ ಮೈಯೊಳಗೆ ಬೆರೆತಿರುವುದಿಲ್ಲ. ನಾಲ್ಕು ಚಕ್ರಗಳ ಮೇಲೆ ನಾಲ್ಕು ಬಿಡಿ ಕಮಾನುಗಳಾಗಿ ನಿಂತು ಬೋಲ್ಟುಗಳಿಂದ ಮೈಗೆ ಸೇರಿಕೊಂಡಿರುತ್ತವೆ. ಕಾರಿನ ಒಡೆಯರು ಹಳೇಬೀಡಿನ ಜೈನ ಮನೆತನದ ಹಿರಿಯರು, ಕೊಬ್ಬರಿ ವ್ಯಾಪಾರಿಗಳು. ಊರಿನವರಂತೆ ನಾನೂ ಅವರನ್ನು ಯಜಮಾನರು ಎಂದೇ ಕರೆಯುತ್ತೇನೆ. ಶಾಸನತಜ್ಞನಾಗಿ ನಾನು ಅಲ್ಲಿಯ ಬಸದಿಯ ಶಾಸನಗಳ ಪಡಿಯಚ್ಚು ತೆಗೆಯುತ್ತಿದ್ದ ದಿನಗಳಿಂದ ನಮಗೆ ಪರಿಚಯ. ಅವರ ತಂದೆ ಮದುವೆಗೆ ಮುಂಚೆ ಕೊಂಡ ಆ ಕಾರು ದಶಕಗಳ ಕಾಲ ಗೋದಾಮಿನಲ್ಲಿ ಕೊಬ್ಬರಿ ಮೂಟೆಗಳ ಹಿಂದೆ ನಿಂತಿತ್ತು. ಅದನ್ನು ಹೊರಗೆಳೆದು ಅರಸೀಕೆರೆಯ ಶೆಡ್ಡಿಗೆ ಸಾಗಿಸಿದ ವಾರದಲ್ಲೇ ಯಜಮಾನರು ಬೇಲೂರಿಗೆ, ನನ್ನ ಮನೆಗೆ ಬಂದರು.

"ಸಾರ್, ಕಾರು ಓಡಿದ್ರೆ ಸಾಲ್ದು. ನಮ್ಮಪ್ಪ ಓಡ್ಸಿದ್ ಕಾರು ನಮ್ಮಪ್ಪ ಓಡ್ಸಿದ್ ಕಾರೇ ಆಗಿರ್ಬೇಕು. ಯಾವ್ದು ಕಂಪ್ನಿದು, ಯಾವ್ದು ಆಮೇಲೆ ಸೇರ್ಕಂಡಿದ್ದು ಅಂತ ನೀವ್ ಹೇಳಿ. ಕಲ್ಲಿನ ಕಾಲಾನೇ ಹೇಳ್ತೀರಿ, ತಗಡಿಂದ್ ಹೇಳಕ್ಕಾಗಲ್ವಾ?"

ಹೇಳಬಹುದೆಂದೆ. ನಿವೃತ್ತನಾದ ಮೇಲೆ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ.

ಶೆಡ್ಡು ಅರಸೀಕೆರೆಯ ರೈಲು ಹಳಿಯ ಆಚೆಗಿತ್ತು. ಅಲ್ಲಿಯ ಟಿಂಕರಿಂಗ್ ಕೆಲಸದವರು ಅರವತ್ತು ದಾಟಿದವರು. ಲಾರಿಗಳ ಮುಖ, ಬಸ್ಸುಗಳ ಪಕ್ಕೆ ಸರಿಪಡಿಸುವುದರಲ್ಲೇ ಆಯುಷ್ಯ ಕಳೆದಿದ್ದರು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ವಾರಕ್ಕೆರಡು ದಿನ ನಾನು ಬೇಲೂರಿನಿಂದ ಬಸ್ಸಿನಲ್ಲಿ ಹಳೇಬೀಡಿಗೆ ಹೋಗುವುದು, ಅಲ್ಲಿಂದ ಯಜಮಾನರ ಜೀಪಿನಲ್ಲಿ ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವುದು ಕ್ರಮವಾಯಿತು. ಸೂರ್ಯ ಮುಳುಗುವ ಮುನ್ನ ಊಟ ಮುಗಿಸುವ ವ್ರತ ಯಜಮಾನರದು. ನಾಲ್ಕು ಗಂಟೆಯಾಯಿತೆಂದರೆ ಅವರು ಬಿಸಿಲನ್ನು ನೋಡತೊಡಗುತ್ತಿದ್ದರು. ಮೇಸ್ತ್ರಿ ಕೈಯ ಉಪಕರಣ ಕೆಳಗಿಟ್ಟು, "ನಡೀರಿ ಯಜಮಾನ್ರೇ, ನಿಮ್ ಊಟ ಮುಳುಗ್ತಾ ಐತೆ" ಎನ್ನುತ್ತಿದ್ದರು.

ನನ್ನ ಕೆಲಸ ಕಾರಿನ ವರ್ಷವನ್ನು ನಿರ್ಧರಿಸುವುದರಿಂದ ಆರಂಭವಾಯಿತು. ಈ ಕಾರುಗಳಲ್ಲಿ ಮಾದರಿ ಬದಲಾದಂತೆ ತಗಡಿನ ಆಕಾರವೂ ಬದಲಾಗುತ್ತದೆ. ವರ್ಷ ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ನನಗೆ ಮೂರು ಸಾಕ್ಷಿಗಳು ದೊರೆತವು. ಆರ್‌ಸಿ ಪುಸ್ತಕದಲ್ಲಿ ನೋಂದಣಿಯ ವರ್ಷವಿತ್ತು. ಅದೇ ಪುಸ್ತಕದ ಇನ್ನೊಂದು ಅಂಕಣದಲ್ಲಿ ತಯಾರಿಕೆಯ ವರ್ಷವಿತ್ತು; ಎರಡೂ ಒಂದೇ. ಮೂರನೆಯದು ಒಂದು ಛಾಯಾಚಿತ್ರ: ಕೆರೆ ಏರಿಯ ಮೇಲೆ ಕಾರಿಗೆ ಒರಗಿ ನಿಂತ ಯಜಮಾನರ ತಂದೆ. ಅದರ ಬೆನ್ನ ಮೇಲೆ ಸೀಸದ ಕಡ್ಡಿಯಲ್ಲಿ ಸಂವತ್ಸರ, ಮಾಸ, ತಿಥಿ, ವಾರ ನಾಲ್ಕನ್ನೂ ಬರೆದಿದ್ದರು. ಹಳೆಯ ಪಂಚಾಂಗದೊಡನೆ ತಾಳೆ ನೋಡಿದೆ; ವಾರ ಸರಿಯಾಗಿ ಕೂಡಿತು. ಆ ವರ್ಷವೂ ಅದೇ. ನನ್ನ ವೃತ್ತಿಯಲ್ಲಿ ಎರಡು ಸಾಕ್ಷಿಗಳು ಕೂಡಿದರೇ ನಾವು ಬೀಗುತ್ತಿದ್ದೆವು, ಇಲ್ಲಿ ಮೂರು.

ಚಾಸಿ ಸಂಖ್ಯೆಯ ಜಾಗ ಮಾತ್ರ ಪುಸ್ತಕದಲ್ಲಿ ನೀರು ಕುಡಿದು ಅಳಿಸಿಹೋಗಿತ್ತು. ಅದು ಕಾರಿನ ಮುಂಭಾಗದ ಕಬ್ಬಿಣದ ಮೇಲೆ ಒತ್ತಿರುತ್ತದೆಂದು ನನಗೆ ಗೊತ್ತಿತ್ತು. ಓದಬೇಕಾದರೆ ನೆಲಕ್ಕೆ ಬಗ್ಗಿ, ಗಟ್ಟಿಯಾದ ಗ್ರೀಸಿನ ಪದರವನ್ನು ಕೆರೆಯಬೇಕಿತ್ತು. ನನಗೆ ಮಂಡಿನೋವು. ನಾಲ್ಕನೆಯ ಸಾಕ್ಷಿಯ ಅಗತ್ಯವಿಲ್ಲವೆಂದುಕೊಂಡೆ.

ಆ ವರ್ಷದ ಮಾದರಿಯ ಕೈಪಿಡಿಯ ಮರುಮುದ್ರಣವನ್ನು ತರಿಸಿದೆ. ಅದರ ಚಿತ್ರಗಳಲ್ಲಿ ಮುಂದಿನ ಮಡ್‌ಗಾರ್ಡ್‌ನ ನೆತ್ತಿಯ ಉದ್ದಕ್ಕೂ ಒಂದು ಉಬ್ಬುಗೆರೆಯಿತ್ತು. ಹಿಂದಿನವು ಕೊಂಚ ಅಗಲವಾಗಿದ್ದವು. ನಮ್ಮ ಕಾರಿನಲ್ಲಿ ಉಬ್ಬುಗೆರೆಯೂ ಇಲ್ಲ, ಅಗಲವೂ ಇಲ್ಲ. ಕಾರಣವೇನೆಂದು ಯೋಚಿಸುತ್ತಿದ್ದಾಗ ಯಜಮಾನರೇ ಒಂದು ಸಂಗತಿ ಹೇಳಿದರು: ಅವರು ಮೂರನೆಯ ತರಗತಿಯಲ್ಲಿದ್ದಾಗ ಕಾರು ಗಂಡಸಿಯ ಬಳಿ ಹುಣಸೆಮರಕ್ಕೆ ಗುದ್ದಿತ್ತು, ದುರಸ್ತಿ ಅರಸೀಕೆರೆಯಲ್ಲಿ ಆಗಿತ್ತು. ಎಲ್ಲವೂ ಹೊಂದಿಕೊಂಡಿತು. ನನ್ನ ಟಿಪ್ಪಣಿಯ ತೀರ್ಮಾನ ಅಕ್ಷರಶಃ ಹೀಗಿದೆ: "ಈಗಿರುವ ನಾಲ್ಕೂ ಮಡ್‌ಗಾರ್ಡ್‌ಗಳು ಗಂಡಸಿಯ ಅಪಘಾತದ ನಂತರ ಅರಸೀಕೆರೆಯಲ್ಲಿ ಕೈಯಿಂದ ಮಾಡಿದವು. ಇವನ್ನು ಉಳಿಸಿಕೊಳ್ಳಬೇಕಾದ ಮಹತ್ವವಿಲ್ಲ."

ಇದನ್ನು ಶೆಡ್ಡಿನಲ್ಲಿ ಓದಿ ಹೇಳಿದಾಗ ಮೇಸ್ತ್ರಿ ಬೀಡಿ ಆರಿಸಿ ಎದ್ದುಬಂದರು.

"ಸಾರ್, ಒಳಗಡೆ ಕೈ ಆಡ್ಸಿ ನೋಡಿ. ಸುತ್ಗೆ ಗುರ್ತು ಒಂದಾದ್ರೂ ಸಿಗ್ತದಾ? ಅಂಚಲ್ಲಿ ತಂತಿ ಇಟ್ಟು ತಗಡು ಮಡಿಚವ್ರೆ ನೋಡಿ, ಕಡೇವರ್ಗೂ ಒಂದೇ ಸಮ ಐತೆ. ಮಿಷನ್ ಮಡಿಕೆ ಇದು. ನಮ್ಮೋರ್ ಕೈಲಿ ಮಡಿಚಿದ್ರೆ ಅಲ್ಲಲ್ಲಿ ಉಬ್ತದೆ."

"ಹಾಗಾದರೆ ಮರಕ್ಕೆ ಗುದ್ದಿದ್ದು ಸುಳ್ಳೇ ಮೇಸ್ತ್ರಿ?"

"ಗುದ್ದಿರ್ಬೋದು. ಲೈಟ್ ಹೋಗಿರ್ಬೋದು, ಬಂಪರ್ ಹೋಗಿರ್ಬೋದು. ಮರ ಏನ್ ನಾಲ್ಕೂ ಕಡೆಯಿಂದ ಬಂದು ಗುದ್ದಿತಾ?"

ಯಜಮಾನರು ನಕ್ಕರು. ನಾನು ನಗಲಿಲ್ಲ. ಮುಂದಿನವನ್ನು ಬದಲಿಸಿದಾಗ ಜೋಡಿ ಕೂಡಲೆಂದು ಹಿಂದಿನವನ್ನೂ ಬದಲಿಸಿರಬೇಕೆಂದು ವಿವರಿಸಿದೆ. ಅದು ಐದನೆಯ ಅಡಿಟಿಪ್ಪಣಿಯಲ್ಲಿದೆ. ಬಳಿಕ, "ನಿಮ್ಮ ಕೈ ಹೇಳಿದ್ದನ್ನು ನಾನು ಆಧಾರವೆಂದು ಬರೆಯುವುದು ಹೇಗೆ?" ಎಂದು ಕೇಳಿದೆ. ಆ ಮಾತು ಆಗ ನನಗೆ ಚತುರವಾಗಿ ಕಂಡಿತ್ತು.

ಮೇಸ್ತ್ರಿ ವಾದ ಬೆಳೆಸಲಿಲ್ಲ. "ಆಯ್ತು. ಹೊಸಾದು ತರ್ಸಿ. ಆದ್ರೆ ಹೊಸಾದು ಕೂತ್ಕಳೋ ಗಂಟ ಹಳೇದು ಇರ್ಬೇಕು. ನಮ್ ಕೆಲ್ಸದಾಗೆ ಹಳೇದೇ ಅಳ್ತೆ" ಎಂದರು.

ಇಲ್ಲಿಯೇ ನಾನು ಎರಡನೆಯ ಬಾರಿ ತಪ್ಪಿದೆ. ಮೊದಲನೆಯದಕ್ಕಿಂತ ಇದು ದೊಡ್ಡದು. ಹಳೆಯ ಹಸ್ತಪ್ರತಿಗಳ ಪಾಠ ಸಂಶೋಧನೆಯಲ್ಲಿ ಒಂದು ನಿಯಮವಿದೆ: ಕೆಟ್ಟ ಪ್ರತಿಯೆಂದು ಗೊತ್ತಾದುದನ್ನು ಮೇಜಿನ ಮೇಲಿಡಬಾರದು, ಅದು ಕಣ್ಣನ್ನು ತನ್ನ ಕಡೆಗೆ ಎಳೆಯುತ್ತದೆ. ತಪ್ಪು ಆಕಾರವನ್ನು ಅಳತೆಯಾಗಿ ಇಟ್ಟುಕೊಂಡರೆ ಸರಿಯಾದ ಆಕಾರವೂ ಕೆಡುತ್ತದೆ ಎಂದು ವಾದಿಸಿದೆ. ಅದೇ ಹೊತ್ತಿಗೆ ಕಾರಿನ ಕಾಲಡಿಯ ತಗಡು ತುಕ್ಕುಹಿಡಿದು ಜರಡಿಯಾಗಿತ್ತು. ಅಷ್ಟು ದಪ್ಪದ ಒಳ್ಳೆಯ ತಗಡು ಈಗ ಸಿಗುವುದಿಲ್ಲವೆಂದು ಮೇಸ್ತ್ರಿ ಗೊಣಗುತ್ತಿದ್ದರು. "ಈ ಮಡ್‌ಗಾರ್ಡ್‌ಗಳನ್ನೇ ಬಡಿದು ಚಪ್ಪಟೆ ಮಾಡಿ ತಳಕ್ಕೆ ಹಾಕಿ" ಎಂದವನು ನಾನು. ಯಾರೂ ನನ್ನನ್ನು ಕೇಳಿರಲಿಲ್ಲ.

ಮೇಸ್ತ್ರಿ ಯಜಮಾನರನ್ನು ನೋಡಿದರು. ಯಜಮಾನರು ನನ್ನನ್ನು ನೋಡಿದರು.

"ಸಾರ್ ಹೇಳಿದ್ಮೇಲೆ ಇನ್ನೇನು. ಕುಯ್ರಿ."

ಗ್ಯಾಸ್ ಬೆಂಕಿ ತಾಕಿದಾಗ ಬಣ್ಣ ಪದರಪದರವಾಗಿ ಸುಲಿದುಬಂತು: ಮೇಲೆ ಕೆಂಪು, ಅದರಡಿ ಕಪ್ಪು, ಎಲ್ಲಕ್ಕೂ ಕೆಳಗೆ ಮಂಕಾದ ಹಸಿರು. ಅಭ್ಯಾಸಬಲದಿಂದ ಆ ಕ್ರಮವನ್ನು ದಿನಚರಿಯಲ್ಲಿ ಗುರುತು ಮಾಡಿಕೊಂಡೆ. ಬರೆದುಕೊಂಡೆನೇ ಹೊರತು ಅದರ ಅರ್ಥವನ್ನು ವಿಚಾರಿಸಲಿಲ್ಲ. ಒಂದು ಮಡ್‌ಗಾರ್ಡ್ ನನ್ನೆದುರಿಗೇ ತುಂಡಾಯಿತು. ಉಳಿದವನ್ನು ಮಾರನೆಯ ದಿನ ಕತ್ತರಿಸುವುದಾಗಿ ಹೇಳಿದರು. ಮುಂದಿನ ವಾರ ಹೋದಾಗ ಕಾಲಡಿಯ ತಳ ಸಿದ್ಧವಾಗಿತ್ತು.

ಇಂಗ್ಲೆಂಡಿನಿಂದ ತರಿಸಿದ ಹೊಸ ಮಡ್‌ಗಾರ್ಡ್‌ಗಳು ಮರದ ಪೆಟ್ಟಿಗೆಯಲ್ಲಿ, ಕಪ್ಪು ಪ್ರೈಮರ್ ಬಳಿದುಕೊಂಡು ಬಂದವು. ನೋಡಲು ಚೆಲುವಾಗಿದ್ದವು. ಕೈಪಿಡಿಯ ಉಬ್ಬುಗೆರೆ ಇದ್ದಲ್ಲೇ ಇತ್ತು. ನಾನು ಅಳತೆಪಟ್ಟಿ ಹಿಡಿದು ಕೈಪಿಡಿಯ ಚಿತ್ರದೊಡನೆ ಹೋಲಿಸಿ ತೃಪ್ತನಾದೆ. ಕಾರಿನೊಡನೆ ಹೋಲಿಸುವುದು ಮೇಸ್ತ್ರಿಯ ಪಾಲಿಗೆ ಉಳಿಯಿತು.

ಅವರ ಕ್ರಮ ಕಟ್ಟುನಿಟ್ಟಾದುದು. ಮೊದಲು ಬಾಗಿಲುಗಳನ್ನು ಕೂರಿಸಿ ಸಂದು ನೋಡಿದರು. ಆಮೇಲೆ ರೇಡಿಯೇಟರ್, ಅದಕ್ಕೆ ಬಾನೆಟ್ಟು. ಕಡೆಗೆ ಮಡ್‌ಗಾರ್ಡ್, ಅದೂ ಬರೀ ಕ್ಲ್ಯಾಂಪುಗಳಿಂದ ಹಿಡಿಸಿದ್ದು. ಎಲ್ಲವೂ ಒಟ್ಟಿಗೆ ನಿಂತು ಒಪ್ಪಿಗೆಯಾಗುವವರೆಗೆ ಒಂದು ತೂತೂ ಕೊರೆಯುವಂತಿಲ್ಲ. ಬಣ್ಣದ ಮಾತನ್ನೇ ಎತ್ತುವಂತಿಲ್ಲ.

ಎಡಗಡೆಯ ಮುಂದಿನದನ್ನು ಮೊದಲು ಎತ್ತಿ ಹಿಡಿದರು. ಕಾರಿನ ಮೈಮೇಲೆ ಒಂಬತ್ತು ಬೋಲ್ಟುಗಳ ತೂತುಗಳಿದ್ದವು. ಐದು ಕೂಡಿದವು, ನಾಲ್ಕು ಕೂಡಲಿಲ್ಲ. ಕಮಾನಿನ ನೆತ್ತಿಯಿಂದ ತೂಗುಗುಂಡು ಬಿಟ್ಟಾಗ ಚಕ್ರದ ನಡು ಒಂದೂವರೆ ಬೆರಳಿನಷ್ಟು ಹಿಂದೆ ಉಳಿದಿತ್ತು. ಕ್ಲ್ಯಾಂಪು ಬಿಗಿದು ಹಿಂದಕ್ಕೆ ಎಳೆದರೆ ಬಾನೆಟ್ಟಿನ ಸಂದು ಒಂದು ತುದಿಯಲ್ಲಿ ಬೆರಳು ತೂರುವಷ್ಟು ಬಾಯಿ ಬಿಡುತ್ತಿತ್ತು. ಬಲಗಡೆಯದೂ ಹಾಗೆಯೇ. ಹಿಂದಿನವು ಮೈಯಿಂದ ದೂರ ಚಾಚಿ ನಿಂತವು. ನಡುವೆ ಕೂರಿಸುವ ಬೀಡಿಂಗ್ ಪಟ್ಟಿ ಆ ಬಿರುಕನ್ನು ಮುಚ್ಚುವಂತಿರಲಿಲ್ಲ. ಹದಿನೈದು ದಿನ ಹೀಗೆಯೇ ನಡೆಯಿತು. ಹೊಸ ತಗಡಿನ ಎರಡು ತೂತುಗಳನ್ನು ಅರದಿಂದ ಉಜ್ಜಿ ಹಿಗ್ಗಿಸಿದ ಮೇಲೆ ಮೇಸ್ತ್ರಿ ಅರವನ್ನು ಮೇಜಿಗೆ ಎಸೆದರು.

"ಇನ್ ಮುಟ್ಟಲ್ಲ ಸಾರ್. ಹೆಣ್ಣು ಗಂಡು ಇಬ್ರೂ ಒಲ್ಲೆ ಅಂದ್ಮೇಲೆ ಪುರೋಹಿತ್ರು ಮಂತ್ರ ಜಾಸ್ತಿ ಹೇಳಿದ್ರೆ ಏನ್ ಬಂತು?"

ನಾನು ಹೊಸ ಮಡ್‌ಗಾರ್ಡ್‌ಗಳ ತಯಾರಕರಿಗೆ ಖಾರವಾದ ಪತ್ರ ಬರೆದೆ. ಹೊಂದದ ಅಳತೆಗಳ ಪಟ್ಟಿಯನ್ನು ಜೊತೆಗಿಟ್ಟೆ. ನಕಲು ಭಾಗಗಳು ಸುಲಭವಾಗಿ ಕೂಡುವುದಿಲ್ಲವೆಂಬುದು ಈ ಹವ್ಯಾಸದವರೆಲ್ಲರ ದೂರು. ನನ್ನದನ್ನೂ ಅದರಲ್ಲಿ ಸೇರಿಸಿದೆ. ಉತ್ತರ ಸೌಜನ್ಯದಿಂದಲೇ ಬಂತು. ನಾವು ಕೇಳಿದ ವರ್ಷದ ಮಾದರಿಯ ಅಚ್ಚಿನಿಂದಲೇ ಇವು ಬಂದಿವೆಯೆಂದು ಬರೆದಿದ್ದರು. ನಮ್ಮ ಕಾರು ಅದೇ ವರ್ಷದ್ದೆಂಬುದು ಖಚಿತವೇ? ಚಾಸಿ ಸಂಖ್ಯೆಯನ್ನು ತಿಳಿಸಬಹುದೇ ಎಂದು ಕೇಳಿದ್ದರು. ನನಗೆ ಅವಮಾನವಾಯಿತು. ಗಂಡಸಿಯ ಮರಕ್ಕೆ ಗುದ್ದಿ ಚಾಸಿಯೇ ಸೊಟ್ಟಗಾಗಿರಬೇಕೆಂಬ ಹೊಸ ಊಹೆಯನ್ನು ಮುಂದಿಟ್ಟೆ.

ಮೇಸ್ತ್ರಿ ಅದನ್ನೂ ಪರೀಕ್ಷಿಸಿದರು. ಚಾಸಿಯ ನಾಲ್ಕು ಮೂಲೆಗಳಿಂದ ತೂಗುಗುಂಡು ಇಳಿಬಿಟ್ಟು, ನೆಲಕ್ಕೆ ತಾಗಿದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ದಾರ ಎಳೆದರು. ಎರಡು ಕರ್ಣಗಳೂ ಸಮ. ವ್ಯತ್ಯಾಸ ದಾರದ ದಪ್ಪಕ್ಕಿಂತ ಕಡಿಮೆ.

"ಗಾಡಿ ಸೊಟ್ಟ ಇಲ್ಲ. ಬಂದಿರೋ ತಗಡೂ ಸೊಟ್ಟ ಇಲ್ಲ" ಎಂದರು. ಮೂರನೆಯದಾಗಿ ಉಳಿದದ್ದು ನನ್ನ ಟಿಪ್ಪಣಿ; ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿಕೊಂಡು, ತಂತಿ ಬ್ರಷ್ ಹಿಡಿದು ಕಾರಿನ ಮುಂದೆ ಕೂತರು. ಅರ್ಧ ಗಂಟೆ ಉಜ್ಜಿದ ಮೇಲೆ ಪಕ್ಕಕ್ಕೆ ಸರಿದು ನೆಲದ ಮೇಲೆ ಒಂದು ಗೋಣಿಚೀಲ ಹಾಸಿದರು.

"ಬನ್ನಿ ಸಾರ್. ಓದೋ ಕೆಲ್ಸ ನಿಮ್ದು."

ಮಂಡಿಯೂರಿ ಓದಿದೆ. ಅಂಕಿಗಳು ಸ್ಪಷ್ಟವಾಗಿದ್ದವು, ಊಹಿಸಬೇಕಾದ ಅಕ್ಷರ ಒಂದೂ ಇರಲಿಲ್ಲ. ಕೈಪಿಡಿಯ ಕೊನೆಯ ಪುಟದಲ್ಲಿ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಯಾವ ವರ್ಷ ಎಂಬ ಪಟ್ಟಿಯಿತ್ತು. ನಮ್ಮ ಕಾರು ನಾನು ಹೇಳಿದ್ದಕ್ಕಿಂತ ಮೂರು ವರ್ಷ ಹಿಂದಿನದು, ಹಳೆಯ ಮಾದರಿಯದು. ಉಬ್ಬುಗೆರೆ, ಅಗಲ, ಮುಂದೆ ಸರಿದ ರೇಡಿಯೇಟರ್ ಎಲ್ಲವೂ ಅದರ ಆಮೇಲೆ ಬಂದವು. ಬೇರೆ ಪ್ರಾಂತ್ಯದಲ್ಲಿ ಓಡಿದ್ದ ಕಾರನ್ನು ಯಜಮಾನರ ತಂದೆ ಕೊಂಡುತಂದು ಇಲ್ಲಿ ಹೊಸದಾಗಿ ನೋಂದಾಯಿಸಿರಬೇಕು. ಗುಮಾಸ್ತನು ಒಂದೇ ವರ್ಷವನ್ನು ಎರಡು ಅಂಕಣಗಳಲ್ಲೂ ಬರೆದಿರಬೇಕು. ಇದು ನನ್ನ ಊಹೆ. ಆಧಾರ ಇನ್ನೂ ಸಿಕ್ಕಿಲ್ಲ.

ಶಾಸನದಲ್ಲಿರುವ ಕಾಲ ದಾನದ್ದು, ದೇವಾಲಯದ್ದಲ್ಲ. ಈ ವಾಕ್ಯವನ್ನು ಕಿರಿಯ ಸಂಶೋಧಕರಿಗೆ ಮೂವತ್ತು ವರ್ಷ ಹೇಳುತ್ತ ಬಂದವನು ನಾನು. ಕಟ್ಟಡ ನಿಂತು ಎಷ್ಟೋ ಕಾಲವಾದ ಮೇಲೆ ಯಾರೋ ದೀಪದ ಎಣ್ಣೆಗೆ ದತ್ತಿ ಬಿಟ್ಟು ಕಲ್ಲು ಹಾಕಿಸುತ್ತಾರೆ; ಅವಸರದವನು ಆ ಕಲ್ಲನ್ನು ಓದಿ ಕಟ್ಟಡಕ್ಕೇ ಆ ವರ್ಷ ಕೊಡುತ್ತಾನೆ. ನಾನು ನೋಂದಣಿಯ ವರ್ಷವನ್ನು ಕಾರಿಗೆ ಕೊಟ್ಟಿದ್ದೆ. ಪ್ರತಿಯೊಂದು ತಾರೀಖನ್ನೂ ತಾಳೆ ನೋಡಿದ್ದೆ. ಅದು ಯಾವುದರ ತಾರೀಖೆಂದು ಮಾತ್ರ ಕೇಳಿರಲಿಲ್ಲ.

ಯಜಮಾನರು ಅಂದು ಬಂದಿರಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿ ಚಹಾ ತರಿಸಿದರು.

"ಒಂದ್ ದಾರಿ ಐತೆ ಸಾರ್. ಬಂದಿರೋದನ್ನೇ ಅಡ್ಡಕ್ಕೆ ಕುಯ್ದು, ಒಂದೂವರೆ ಬೆರಳು ಸರ್ಸಿ, ಬೆಸ್ಗೆ ಹಾಕಿ ಕೂರ್ಸಿಬಿಡ್ತೀನಿ. ಗೆರೆಗಿರೆ ಯಾರ್ ನೋಡ್ತಾರೆ? ಯಜಮಾನ್ರಿಗೂ ಗೊತ್ತಾಗಲ್ಲ."

ಹನ್ನೊಂದು ದಿನ ನಾನು ಅರಸೀಕೆರೆಗೆ ಹೋಗಲಿಲ್ಲ. ಬೆನ್ನುನೋವೆಂದು ಯಜಮಾನರಿಗೆ ಫೋನಿನಲ್ಲಿ ಹೇಳಿದೆ. ಆ ದಿನಗಳಲ್ಲಿ ದಿನಚರಿಯನ್ನು ಮತ್ತೆ ಓದಿದೆ. ಕತ್ತರಿಸಿದ ಮಡ್‌ಗಾರ್ಡ್‌ನ ತಳದ ಹಸಿರು, ಕೆಲಸದ ಮೊದಲ ದಿನ ಬಾಗಿಲ ಒಳಮೈಯಲ್ಲಿ ಕಂಡು ನಾನೇ ಬರೆದುಕೊಂಡಿದ್ದ ಹಸಿರು; ಎರಡೂ ಕಾರ್ಖಾನೆಯ ಒಂದೇ ಬಣ್ಣ, ಪುಟಗಳ ನಡುವೆ ಮಾತ್ರ ಹತ್ತು ಹಾಳೆಗಳ ಅಂತರ. ಆಮೇಲೆ ಛಾಯಾಚಿತ್ರದ ಪ್ರತಿಯನ್ನು ತೆಗೆದೆ. ಅದರ ಬೆನ್ನನ್ನು ಭೂತಗನ್ನಡಿಯಿಂದ ಎಷ್ಟೋ ಸಲ ಓದಿದ್ದೆ. ಈ ಬಾರಿ ಮುಖವನ್ನು ನೋಡಿದೆ. ಅವಿವಾಹಿತ ತರುಣನೊಬ್ಬ ಮುಂದಿನ ಮಡ್‌ಗಾರ್ಡ್ ಮೇಲೆ ಅಂಗೈ ಊರಿ ನಿಂತಿದ್ದ. ಬಿಸಿಲು ಅದರ ನೆತ್ತಿಯ ಮೇಲೆ ಅಡೆತಡೆಯಿಲ್ಲದೆ ಜಾರಿತ್ತು. ಉಬ್ಬುಗೆರೆ ಇರಲಿಲ್ಲ. ಯಜಮಾನರು ಹುಟ್ಟುವ ಮೊದಲೇ, ಗಂಡಸಿಯ ಮರಕ್ಕೆ ಮೊದಲೇ, ಅವೇ ಮಡ್‌ಗಾರ್ಡ್‌ಗಳು ಅಲ್ಲಿದ್ದವು.

ಹನ್ನೆರಡನೆಯ ದಿನ ಹಳೇಬೀಡಿಗೆ ಹೋಗಿ ಗೋದಾಮಿನಲ್ಲಿ ಯಜಮಾನರ ಎದುರು ಕೂತು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಮುಗಿದ ಮೇಲೆ ಅವರು ಒಂದು ಕೊಬ್ಬರಿ ಗಿಟುಕನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು.

"ಗುಡಿ ಹತ್ರ ಗೈಡ್‌ಗಳು ಬಾಯಿಗ್ ಬಂದಿದ್ ಇಸವಿ ಹೇಳ್ತಾರೆ ಅಂತ ನೀವು ಬೈತಿದ್ರಿ, ಅಲ್ವಾ ಸಾರ್?"

"ಹೌದು."

"ಅವ್ರ ಸುಳ್ಳಿಗೆ ಇಲ್ಲೀವರ್ಗೂ ಒಂದ್ ಕಲ್ಲೂ ಒಡ್ದಿಲ್ಲ."

ಅಂದು ಜೀಪಿನಲ್ಲಿ ಇಬ್ಬರೂ ಅರಸೀಕೆರೆಗೆ ಹೋದೆವು. ವಿಷಯ ಯಜಮಾನರಿಗೆ ತಿಳಿದಿದೆಯೆಂದು ಗೊತ್ತಾದ ಮೇಲೆ ಮೇಸ್ತ್ರಿ ಶೆಡ್ಡಿನ ಹಿಂದೆ ಹೋಗಿ, ಹಳೆಯ ಟಾರ್ಪಾಲಿನಲ್ಲಿ ಸುತ್ತಿದ್ದ ಏನನ್ನೋ ಎತ್ತಿತಂದರು. ಎಡಗಡೆಯ ಹಿಂದಿನ ಮಡ್‌ಗಾರ್ಡ್.

"ಮೂರು ಕುಯ್ದೆ. ನಾಲ್ಕನೇದಕ್ಕೆ ಕೈ ಬರ್ಲಿಲ್ಲ. ಹಳೇದೇ ಇಲ್ದೆ ನಾನ್ ಯಾವತ್ತೂ ಕೆಲ್ಸ ಮಾಡಿಲ್ಲ. ತಳಕ್ಕೆ ಸಾಲ್ದಿದ್ದನ್ನ ಹಳೇ ಲಾರಿ ತಗಡಲ್ಲಿ ಮುಗ್ಸಿದೆ. ನಿಮ್ಗೆ ಹೇಳ್ಲಿಲ್ಲ ಸಾರ್, ತಪ್ಪಾಯ್ತು."

ಕ್ಷಮೆ ಕೇಳಿದವರು ಅವರು. ನಾನು ಏನು ಹೇಳಿದೆನೆಂದು ನೆನಪಿಲ್ಲ, ದಿನಚರಿಯಲ್ಲೂ ಇಲ್ಲ.

ಯಜಮಾನರು ಆ ಮಡ್‌ಗಾರ್ಡ್‌ನ ಒಳಗೆ ಕೈಯಾಡಿಸಿದರು. ಕಾಲಡಿಯ ತಳವನ್ನು ಬಿಚ್ಚಿ ಮೂಲ ಆಕಾರ ಮರಳಿಸಬಹುದೇ ಎಂದು ಕೇಳಿದರು. ಮೇಸ್ತ್ರಿ ಇಲ್ಲವೆಂದು ತಲೆಯಾಡಿಸಿದರು: ಒಮ್ಮೆ ಕಾಯಿಸಿ ಚಪ್ಪಟೆ ಬಡಿದದ್ದು ಮತ್ತೆ ಕಮಾನಾಗುವುದಿಲ್ಲ. ಆಗ ಯಜಮಾನರು ನನ್ನನ್ನು ಕೇಳದೆ ತೀರ್ಮಾನಿಸಿದರು: ತರಿಸಿದವು ಪೆಟ್ಟಿಗೆಗೆ ಹಿಂತಿರುಗಲಿ, ಉಳಿದ ಒಂದನ್ನು ನೋಡಿ ಮೂರನ್ನು ಮೇಸ್ತ್ರಿಯೇ ಬಡಿಯಲಿ.

ನಾಲ್ಕು ತಿಂಗಳು ಹಿಡಿಯಿತು. ಬಲಗಡೆಯ ಹಿಂದಿನದಕ್ಕೆ ಎಡಗಡೆಯದರ ಕಾಗದದ ಪಡಿಯಚ್ಚನ್ನು ಮಗುಚಿ ಹಾಕಿದರು. ಮುಂದಿನ ಎರಡಕ್ಕೆ ಮೈಮೇಲಿನ ಬೋಲ್ಟು ತೂತುಗಳು, ಹಳೆಯ ಅಂಚು ಕೂತಿದ್ದ ಜಾಗದ ಬಣ್ಣದ ಗೆರೆ, ಮತ್ತು ದೊಡ್ಡದು ಮಾಡಿಸಿದ ಆ ಛಾಯಾಚಿತ್ರ; ಇಷ್ಟೇ ಆಧಾರ. ಮರಳು ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ಬಡಿಯುವುದು, ಎತ್ತಿ ಹಿಡಿಯುವುದು, ಇಳಿಸುವುದು, ಮತ್ತೆ ಬಡಿಯುವುದು. ಅಂಚಿನ ತಂತಿಯನ್ನು ಕೈಯಿಂದಲೇ ಮಡಿಚಿದರು. ಅವರೇ ಹೇಳಿದ್ದಂತೆ ಅಲ್ಲಲ್ಲಿ ಉಬ್ಬಿತು. ಎಡಗಡೆಯ ಮುಂದಿನದನ್ನು ಕೂರಿಸಿದ ದಿನ ಒಂಬತ್ತು ಬೋಲ್ಟುಗಳೂ ತಮ್ಮ ತೂತುಗಳಿಗೆ ಬೆರಳಿನಿಂದ ತಿರುಗಿಸಿದರೆ ಇಳಿಯುವಂತೆ ಇಳಿದವು. ಚಕ್ರ ಕಮಾನಿನ ನಡುವೆ ನಿಂತಿತು.

"ಒಳಗಡೆ ಸುತ್ಗೆ ಗುರ್ತು ಕಾಣ್ತೈತೆ. ಉಜ್ಜಿ ನುಣ್ಣಗೆ ಮಾಡ್ಲಾ ಸಾರ್?" ಎಂದು ಮೇಸ್ತ್ರಿ ಕೇಳಿದರು. ಬೇಡವೆಂದೆ. ಹೊಸದು ಹೊಸದೆಂದು ಗೊತ್ತಾಗಬೇಕು. ಆ ಇಡೀ ಕೆಲಸದಲ್ಲಿ ನಾನು ಹೇಳಿದ ಸರಿಯಾದ ಮಾತು ಅದೊಂದೇ.

ಕಾರು ಈಗ ಓಡುತ್ತದೆ. ಹೋದ ತಿಂಗಳು ಹಗರೆಯಲ್ಲಿ ನಾನು ಬೇಲೂರಿನ ಬಸ್ಸಿಗೆ ಕಾಯುತ್ತಿದ್ದಾಗ ಅದು ಹಾಸನದ ಕಡೆಯಿಂದ ಬಂದು ಹಳೇಬೀಡಿನ ರಸ್ತೆಗೆ ತಿರುಗಿತು. ಯಜಮಾನರು ನನ್ನನ್ನು ಕಂಡು ಕೈಯೆತ್ತಿದರು, ನಿಲ್ಲಿಸಲಿಲ್ಲ. ಪಕ್ಕದ ಸೀಟು ಖಾಲಿಯಿತ್ತು. ಅಲ್ಲಿ ಕೂತವರು ಕಾಲಿಡುವುದು ಯಜಮಾನರ ತಂದೆ ಅಂಗೈ ಊರಿದ್ದ ತಗಡಿನ ಮೇಲೆ.

ಟಿಪ್ಪಣಿಯನ್ನು ಹಿಂದಿರುಗಿಸಿ, ತಿದ್ದಿದ ಪ್ರತಿ ಕೊಡುತ್ತೇನೆಂದು ಎರಡು ಸಲ ಕೇಳಿದೆ. ಎರಡನೆಯ ಸಲ ಯಜಮಾನರು ಕೋಪವಿಲ್ಲದೆ ಹೇಳಿದರು: "ಇರ್ಲಿ ಬಿಡಿ ಸಾರ್. ಆರ್‌ಸಿ ಪುಸ್ತಕ, ಫೋಟೊ, ನಿಮ್ ಕಾಗ್ದ ಮೂರೂ ಒಟ್ಗೆ ಇಟ್ಟಿದೀನಿ. ಒಂದ್ ಕಾರಿಗೆ ಒಂದ್ ವಿದ್ವಾಂಸರ ಕಾಗ್ದ ಸಾಕು."

ಮುಂದೆ ಯಾರಾದರೂ ಆ ಪೆಟ್ಟಿಗೆ ತೆರೆಯುತ್ತಾರೆ. ರುಜು, ತಾರೀಖು, ಏಳು ಅಡಿಟಿಪ್ಪಣಿಗಳಿರುವ ಬರಹವನ್ನು ಓದುತ್ತಾರೆ: ಅರಸೀಕೆರೆಯಲ್ಲಿ, ಗಂಡಸಿಯ ಅಪಘಾತದ ನಂತರ, ಕೈಯಿಂದ ಮಾಡಿದವು. ಶ್ರದ್ಧೆಯುಳ್ಳವರಾದರೆ ಕಾರಿನ ಬಳಿ ಹೋಗಿ ಮಡ್‌ಗಾರ್ಡ್‌ಗಳ ಒಳಗೆ ಕೈಯಾಡಿಸಿಯೂ ನೋಡುತ್ತಾರೆ. ನಾಲ್ಕರಲ್ಲಿ ಮೂರರಲ್ಲಿ ಸುತ್ತಿಗೆಯ ಗುರುತು ಅವರ ಬೆರಳಿಗೆ ಸಿಗುತ್ತದೆ. ನಾನು ಬರೆದದ್ದು ಸರಿಯಾಗಿದೆಯೆಂದು ಗುರುತು ಹಾಕಿಕೊಳ್ಳುತ್ತಾರೆ.